ಪೆರ್ಪೆಟುವಾಳ ಬೀಗದ ಕೈ

ನನ್ನ ಹೆಂಡತಿ ಪೆರ್ಪೆಟುವಾಳನ್ನು ಬಾಳೆತೋಟದ ಮಗ್ಗುಲಲ್ಲಿ ಮಣ್ಣು ಮಾಡಿ ಬಂದ ವಾರವೇ ನಮ್ಮ ಮಿಷನ್ ಶಾಲೆಯವರು ಅವಳ ಗ್ರಂಥಾಲಯಕ್ಕೆ ಬೀಗ ಹಾಕಿದರು. ಶೋಕಕ್ಕೆಂದು ಹಾಕಿದ್ದಾರೆ ಎಂದುಕೊಂಡು ನಾನು ಮನಸ್ಸಿನಲ್ಲೇ ಅವರನ್ನು ಹರಸಿದೆ. ಯೋಜನೆಗೆಂದು ಹಾಕಿದ್ದಾರೆ ಎಂಬುದು ಆಮೇಲೆ ತಿಳಿಯಿತು.

ಗ್ರಂಥಾಲಯವೆಂದರೆ ಚರ್ಚಿಗೆ ಅಂಟಿಕೊಂಡ ತಗಡಿನ ಮಾಡಿನ ಒಂದು ಕೋಣೆ. ಪೆರ್ಪೆಟುವಾ ಹೊಲಿಗೆ ಕಲಿಸುತ್ತಿದ್ದವಳು. ಯಾರೂ ಒಪ್ಪದ ಕೆಲಸವೆಂದು ಅದನ್ನು ಅವಳ ತಲೆಗೆ ಕಟ್ಟಿದ್ದರು. ಅವಳು ಅದನ್ನು ಚೆನ್ನಾಗಿ ನಡೆಸಿದಳು ಎಂದು ನಾನು ಹೇಳಲಾರೆ. ಕೇಳಿದ ಹುಡುಗಿಯರಿಗೆಲ್ಲ ಪುಸ್ತಕ ಕೊಡುತ್ತಿದ್ದಳು, ಯಾರಿಗೆ ಕೊಟ್ಟೆನೆಂದು ಮರೆಯುತ್ತಿದ್ದಳು. ಪುಸ್ತಕಗಳು ಬಾಳೆಯ ಕಲೆ ಹಚ್ಚಿಕೊಂಡು ಮರಳುತ್ತಿದ್ದವು, ಕೆಲವು ಮರಳುತ್ತಲೇ ಇರಲಿಲ್ಲ. ಆದರೆ ಬಾಗಿಲು ಮಾತ್ರ ದಿನವೂ ತೆರೆದಿರುತ್ತಿತ್ತು. ಈಗ ಅದೇ ಹುಡುಗಿಯರು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಸಂಜೆ ಜಪಮಾಲೆಗೆ ಹೋಗುವಾಗ ಅವರನ್ನು ದಾಟಿಯೇ ಹೋಗಬೇಕಾಗಿತ್ತು. ದೇವರಲ್ಲಿ ನಾನು ಬೇರೇನನ್ನೂ ಬೇಡಲಿಲ್ಲ. ಅವಳು ತಿರುಗಿ ಬರುವಂತಿರಲಿಲ್ಲ. ಅವಳ ಬಾಗಿಲಾದರೂ ತೆರೆಯಲಿ ಎಂದು ಬೇಡಿದೆ.

ಬೀಗ ಹಾಕಿಸಿದವನು ಭೂಗೋಳದ ಮಾಸ್ತರ ಕಿಗೊಂಗೊ. ಅವನು ಕಂಪಾಲಾದಲ್ಲಿ ರಜೆಯ ಕೋರ್ಸಿಗೆ ಸೇರಿ ಗ್ರಂಥಾಲಯದ ಆಡಳಿತ ಕಲಿಯುತ್ತಿದ್ದ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಅಲ್ಲಿಯ ಪಾಠವಲ್ಲವಂತೆ. ಒಂದು ಶಾಲಾ ಗ್ರಂಥಾಲಯವನ್ನು ಆರಿಸಿ, ಅದಕ್ಕೆ ಐದು ವರ್ಷದ ಕಾರ್ಯತಂತ್ರದ ಯೋಜನೆ ಬರೆದವನಿಗೆ ಸರ್ಟಿಫಿಕೇಟು. ಕಿಗೊಂಗೊ ನಮ್ಮದನ್ನು ಆರಿಸಿದ್ದ.

"ಮಾಸ್ಟ್ರೆ, ಹುಡುಗೀರು ಹೊರಗೇ ಕೂತಿದಾರಲ್ಲ, ಬಾಗಿಲು ಯಾವಾಗ ತೆಗೀತೀರಿ?" ಎಂದು ಕೇಳಿದೆ.

"ಅವಸರ ಮಾಡ್ಬಾರದು ತಾತ. ಐದು ವರ್ಷದ ಮೇಲೆ ಈ ಗ್ರಂಥಾಲಯ ಹೇಗಿರ್ಬೇಕು ಅಂತ ಮೊದಲು ಬರೀಬೇಕು."

"ಐದು ವರ್ಷದ ಮೇಲೆ ತೆರೆದಿರತ್ತಾ?"

"ಅದು ಮೂರನೇ ಗುರಿಯಲ್ಲಿ ಬರತ್ತೆ. ನಾವಿನ್ನೂ ಒಂದನೇ ಗುರಿಯ ಪೀಠಿಕೆಯಲ್ಲಿದೀವಿ."

ಸಂಬಂಧಪಟ್ಟ ಎಲ್ಲರ ಅಭಿಪ್ರಾಯ ಕೇಳದೆ ಯೋಜನೆ ಬರೆಯಬಾರದೆಂಬ ನಿಯಮವಿತ್ತು. ಹೀಗಾಗಿ ಸಭೆಗಳು ನಡೆದವು. ಸಭೆಗೆ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಊಟಕ್ಕೆ ಮೇಜು ಬೇಕೆಂದು ಮೇಜಿನ ಮೇಲಿದ್ದ ಪುಸ್ತಕಗಳನ್ನು ಮೂಲೆಯ ನೆಲಕ್ಕೆ ಇಳಿಸಿದರು. ಹಳ್ಳಿಯ ಚೇರ್ಮನ್ ಬಂದ, ದವಾಖಾನೆಯ ನರ್ಸಮ್ಮ ಬಂದಳು, ಬಾಡಿಗೆಗೆ ಓಡುವ ಬೋಡಾ ಬೈಕಿನವರ ಸಂಘದ ಮುಖಂಡ ಬಂದ. ಓದುವ ಹುಡುಗಿ ಒಬ್ಬಳೂ ಬರಲಿಲ್ಲ, ಅವರನ್ನು ಕರೆದಿರಲಿಲ್ಲ. ನಾನು ಚರ್ಚಿನ ಹಳೆಯ ಧರ್ಮಬೋಧಕನಾದ್ದರಿಂದ ಆರಂಭದ ಪ್ರಾರ್ಥನೆಗೆ ಕರೆಯುತ್ತಿದ್ದರು. ಅವಳ ಕೋಣೆಯೊಳಗೆ ಕಾಲಿಡಲು ನನಗೆ ಉಳಿದಿದ್ದ ದಾರಿ ಅದೊಂದೇ, ಹೋಗುತ್ತಿದ್ದೆ. ಅವಳ ಕುರ್ಚಿಯ ಮೇಲೆ ಸೋಡಾದ ಕ್ರೇಟು ಇಟ್ಟಿರುತ್ತಿದ್ದರು.

ಬಾಳೆ ಎಲೆಯಲ್ಲಿ ಬೇಯಿಸಿದ ಕೋಳಿ, ಬಾಳೆಕಾಯಿಯ ಮಟೋಕೆ ಎಲ್ಲ ಮುಗಿಯುವ ಹೊತ್ತಿಗೆ ಕಿಗೊಂಗೊ ಗೋಡೆಗೆ ದೊಡ್ಡ ಕಾಗದ ಅಂಟಿಸಿ ನಾಲ್ಕು ಮನೆ ಎಳೆದ: ಬಲ, ದೌರ್ಬಲ್ಯ, ಅವಕಾಶ, ಅಪಾಯ.

"ನಮ್ಮ ಬಲ ಯಾವುದು, ಹೇಳಿ."

"ಈ ವರ್ಷ ಒಂದು ಪುಸ್ತಕಾನೂ ಕಳೆದಿಲ್ಲ," ಎಂದ ಚೇರ್ಮನ್.

ಕಿಗೊಂಗೊ ಅವನಿಗಾಗಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ. "ಇದಕ್ಕೆ ಮುಂಚೆ ಪ್ರತಿ ವರ್ಷವೂ ಕಳೀತಿತ್ತು. ಅದನ್ನ ಹಿಂದಿನ ಆಡಳಿತದ ವೈಫಲ್ಯ ಅಂತ ಬರ್ದಿದೀನಿ," ಎಂದ. ಹಿಂದಿನ ಆಡಳಿತ ಬಾಳೆತೋಟದ ಮಗ್ಗುಲಲ್ಲಿ ಮಲಗಿತ್ತು. ನಾನು ಸೋಡಾ ಕೆಳಗಿಟ್ಟೆ.

"ಅಪಾಯ?"

ಚೇರ್ಮನ್ ಕೋಳಿಯ ಮೂಳೆಯನ್ನು ಬಾಯಿಂದ ತೆಗೆದು, "ಹುಡುಗೀರು. ಕೈಗೆ ಸಿಕ್ರೆ ಹರೀತಾರೆ," ಎಂದ. ಕಿಗೊಂಗೊ ದುಂಡಗಿನ ಅಕ್ಷರದಲ್ಲಿ ಅಪಾಯದ ಮನೆಯಲ್ಲಿ ಹುಡುಗಿಯರನ್ನು ಬರೆದ.

"ದೌರ್ಬಲ್ಯದಲ್ಲಿ ಬೀಗ ಅಂತ ಬರ್ಕೊಳ್ಳಿ ಮಾಸ್ಟ್ರೆ," ಎಂದೆ.

"ಬೀಗ ಬಲದಲ್ಲಿ ಬಂದಾಯ್ತಲ್ಲ ತಾತ," ಎಂದು ಅವನು ಮಗುವಿಗೆ ಹೇಳುವಂತೆ ಹೇಳಿದ. ಎಲ್ಲರೂ ನಕ್ಕರು. ಮುಕ್ತಾಯದ ಪ್ರಾರ್ಥನೆಯನ್ನೂ ನಾನೇ ಮಾಡಬೇಕಾಯಿತು. ಶತ್ರುಗಳಿಗಾಗಿ ಪ್ರಾರ್ಥಿಸಬೇಕೆಂಬ ಉಪದೇಶ ನನಗೆ ಅಂದಿನಷ್ಟು ಭಾರವಾಗಿ ಎಂದೂ ಕಂಡಿರಲಿಲ್ಲ.

ಬೀಗ ಹಳೆಯದೇ, ಅದಕ್ಕೆ ಎರಡು ಕೈಗಳಿದ್ದವು. ಒಂದು ಕಿಗೊಂಗೊನ ಸೊಂಟದಲ್ಲಿತ್ತು. ಇನ್ನೊಂದು ಪೆರ್ಪೆಟುವಾಳದು, ನಮ್ಮ ಮನೆಯಲ್ಲಿ ಅವಳ ಕೈಚೀಲದೊಳಗೆ ಇದ್ದಂತೆಯೇ ಇತ್ತು. ನಮ್ಮಲ್ಲಿ ಸತ್ತವರ ವಸ್ತುವನ್ನು ವರ್ಷ ಕಳೆದು ನಡೆಯುವ ಕೊನೆಯ ಕರ್ಮದವರೆಗೆ ಬಳಸುವುದಿಲ್ಲ. ಆ ದಿನ ಸತ್ತವರ ಕುಲದವರು ಒಬ್ಬರನ್ನು ವಾರಸುದಾರರಾಗಿ ನಿಲ್ಲಿಸುತ್ತಾರೆ. ಹೆಂಗಸು ಸತ್ತರೆ ಅವಳ ಅಣ್ಣನ ಮಗಳು ನಿಲ್ಲಬೇಕು. ಅಂದಿನಿಂದ ಸತ್ತವಳು ಸತ್ತಿಲ್ಲ. ಅವಳ ಮಕ್ಕಳು ನಿಂತವಳನ್ನೇ ಅಮ್ಮ ಎನ್ನಬೇಕು.

ಕುಲದವರು ಗೊರೆಟ್ಟಿಯನ್ನು ಆರಿಸಿದರು. ಪೇಟೆಯಲ್ಲಿ ಹೆಂಗಸರಿಗೆ ಜಡೆ ಹೆಣೆಯುವ ಅಂಗಡಿ ಇಟ್ಟವಳು, ಬಾಯಿ ಜೋರು. ಕರ್ಮಕ್ಕೆ ಮೊದಲೇ ಅವಳ ಅಂಗಡಿಗೆ ಹೋಗಿ, "ಬೀಗದ ಕೈ ಕೊಟ್ರೆ ತಗೋತೀಯಾ?" ಎಂದು ಕೇಳಿದೆ.

"ನಂಗೆ ಗ್ರಂಥಾಲಯ ನಡೆಸೋಕೆ ಬರಲ್ಲ ಮಾವ."

"ನಿನ್ನ ಸೋದರತ್ತೆಗೂ ಬರ್ತಿರ್ಲಿಲ್ಲ."

"ಬಾಗಿಲು ತೆಗೆಯೋಕೆ ಬರತ್ತೆ. ಅಷ್ಟು ಸಾಕಾ?"

"ಅಷ್ಟೇ ಬೇಕು."

"ಹಾಗಾದ್ರೆ ಸರಿ. ಇನ್ಮೇಲೆ ನಿಮ್ಮ ಹೆಂಡ್ತಿ ಜಾಗದಲ್ಲಿ ನಾನೇ ನಿಲ್ಲೋದು, ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ," ಎಂದಳು. ಜಡೆ ಹೆಣೆಸಿಕೊಳ್ಳುತ್ತಿದ್ದವಳು ನಕ್ಕಳು. ನಾನೂ ನಕ್ಕೆ. ಪೆರ್ಪೆಟುವಾ ಸತ್ತ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕರ್ಮದ ದಿನ ಬೆಳಿಗ್ಗೆ ಫಾದರ್ ಲುತಾಯಾ ಅಂಗಳದಲ್ಲಿ ಬಲಿಪೂಜೆ ಅರ್ಪಿಸಿದರು. ಅವರು ಶಾಲೆಯ ಮಂಡಳಿಗೂ ಅಧ್ಯಕ್ಷರು. ಬಾಗಿಲ ಬಳಿ ಗೊರೆಟ್ಟಿಗೆ ಮರದ ತೊಗಟೆಯ ಬಟ್ಟೆ ಉಡಿಸಿ ನಿಲ್ಲಿಸಿದ್ದರು. ಮುಂದೆ ಬುಟ್ಟಿ, ಬುಟ್ಟಿಯಲ್ಲಿ ವಾರಸುದಾರಳಿಗೆ ಕೊಡುವ ಅಡುಗೆಮನೆಯ ಚೂರಿ. ಫಾದರ್ ಅವಳ ಮೇಲೂ ಬುಟ್ಟಿಯ ಮೇಲೂ ತೀರ್ಥ ಚಿಮುಕಿಸಿದರು. ಕುಲದ ಹಿರಿಯರು ಚೂರಿಯನ್ನು ಅವಳ ಕೈಗಿತ್ತು, ಬುಟ್ಟಿಯಲ್ಲಿ ಉಳಿದದ್ದನ್ನು ಎತ್ತಿ ಹಿಡಿದರು.

"ಇದೇನಪ್ಪ?"

"ಅವಳ ಬೀಗದ ಕೈ. ಗ್ರಂಥಾಲಯದ್ದು," ಎಂದೆ.

"ಕೇಳಿದ್ರಾ ಎಲ್ಲರೂ? ಪೆರ್ಪೆಟುವಾ ಇಲ್ಲೇ ನಿಂತಿದಾಳೆ. ಅವಳು ಯಾವ ಬಾಗಿಲು ತೆಗೀತಿದ್ಲೋ, ಇವಳೂ ಅದನ್ನೇ ತೆಗೀತಾಳೆ."

ಚಪ್ಪರದ ಕೆಳಗೆ ಊಟಕ್ಕೆ ಕಾದಿದ್ದ ಕಿಗೊಂಗೊ ಎದ್ದ. "ಹಿರಿಯರೇ, ಅದು ಸಂಸ್ಥೆಯ ಆಸ್ತಿ. ಯೋಜನೆಯಲ್ಲಿ ಸಿಬ್ಬಂದಿ ನೇಮಕ ನಾಲ್ಕನೇ ವರ್ಷಕ್ಕಿದೆ."

"ನೀನು ಯಾರ ಮಗ?" ಎಂದರು ಹಿರಿಯರು.

ಕುಲದ ಮಾತಿನಲ್ಲಿ ಹೊರಗಿನವನಿಗೆ ಬಾಯಿಲ್ಲ. ಅಂಗಳವೆಲ್ಲ ನಕ್ಕಿತು. ಅವನು ಫಾದರ್ ಕಡೆ ತಿರುಗಿದ. ಫಾದರ್ ನನ್ನ ಕಡೆ ನೋಡಿದರು. ಬುಟ್ಟಿಯಲ್ಲಿ ಏನಿತ್ತೆಂದು ನಾನು ಅವರಿಗೆ ಮೊದಲೇ ಹೇಳಿರಲಿಲ್ಲ.

"ನಾನು ತೀರ್ಥ ಹಾಕಿಬಿಟ್ಟೆನಲ್ಲ ಮಾಸ್ಟ್ರೆ," ಎಂದರು. "ಹಾಕಿದ್ದನ್ನ ವಾಪಸ್ ತಗೊಳ್ಳೋ ಪ್ರಾರ್ಥನೆ ನನ್ನ ಹತ್ರ ಇಲ್ಲ. ನಿಮ್ಮ ಯೋಜನೆಯಲ್ಲಿ ಊರಿನವರ ಸಹಭಾಗಿತ್ವ ಅಂತ ಒಂದು ಅಧ್ಯಾಯ ಇದೆಯಲ್ಲ, ಅದರಲ್ಲಿ ಸೇರಿಸ್ಕೊಳ್ಳಿ."

ಸೋಮವಾರ ಗೊರೆಟ್ಟಿ ಬಾಗಿಲು ತೆರೆದಳು. ಮೂಲೆಯ ನೆಲಕ್ಕೆ ಇಳಿಸಿದ್ದ ಪುಸ್ತಕಗಳನ್ನು ಎತ್ತಲು ಹೋದರೆ ಕೈಗೆ ಮಣ್ಣು ಬಂತು. ಒಂದೂ ಪುಸ್ತಕ ಕಳೆಯದ ಆ ವರ್ಷದಲ್ಲಿ ಗೆದ್ದಲು ಯಾರ ಅನುಮತಿಯನ್ನೂ ಕೇಳದೆ ಓದಿ ಮುಗಿಸಿತ್ತು. ಕಪಾಟಿನ ಪುಸ್ತಕಗಳವರೆಗೆ ಅದು ಇನ್ನೂ ಏರಿರಲಿಲ್ಲ. ಗೋಡೆಯ ಮೇಲಿನ ಕಾಗದವನ್ನಂತೂ ಮುಟ್ಟಿಯೇ ಇರಲಿಲ್ಲ. ಗೆದ್ದಲಿಗೂ ಒಂದು ರುಚಿ ಇರುತ್ತದೆ. ಗೊರೆಟ್ಟಿ ಆ ಕಾಗದವನ್ನು ಕಿತ್ತು, ಮಣ್ಣನ್ನೆಲ್ಲ ಅದರಲ್ಲೇ ಬಾಚಿ ಹೊರಗೆ ಎಸೆದಳು. "ಅಪಾಯಗಳೇ, ಒಳಗೆ ಬನ್ನಿ," ಎಂದು ಜಗಲಿಯಲ್ಲಿದ್ದ ಹುಡುಗಿಯರನ್ನು ಕರೆದಳು.

ಕಿಗೊಂಗೊನ ಯೋಜನೆಗೆ ಕಂಪಾಲಾದಲ್ಲಿ ಅತ್ಯುತ್ತಮ ಎಂಬ ದರ್ಜೆ ಸಿಕ್ಕಿತು. ಅವನು ಈಗ ಬೇರೆ ಶಾಲೆಗಳಿಗೆ ಹೋಗಿ ಯೋಜನೆ ಬರೆಯುವುದನ್ನು ಕಲಿಸುತ್ತಾನೆ. ಅವನಿಗಾಗಿ ನಾನು ಪ್ರಾರ್ಥಿಸುತ್ತೇನೆ, ಆ ಶಾಲೆಗಳಿಗಾಗಿ ಇನ್ನೂ ಹೆಚ್ಚು.

ಗೊರೆಟ್ಟಿ ಬಾಗಿಲು ತೆರೆದ ಆ ತಿಂಗಳ ಕೊನೆಗೇ ಅವನು ನಮ್ಮ ಅಂಗಳಕ್ಕೆ ಬಂದಿದ್ದ. ಮುಖ ಕೆಂಡವಾಗಿತ್ತು. "ನೋಡಿದ್ರಾ ತಾತ? ನಾನು ಹೇಳಿರ್ಲಿಲ್ವಾ? ಒಂದು ಪುಸ್ತಕ ಕಳೆದಿದೆ. ಯಾರು ತಗೊಂಡು ಹೋದ್ರು ಅಂತ ಆ ನಿಮ್ಮ ಗೊರೆಟ್ಟಿಗೆ ಗೊತ್ತೇ ಇಲ್ಲ."

"ನೆನಪೇ ಇಲ್ವಂತಾ?"

"ಮರ್ತೇ ಹೋಯ್ತಂತೆ."

ಅವನನ್ನು ಕೂರಿಸಿ ಚಹಾ ಕೊಟ್ಟೆ. ಅವನು ಹೋದ ಮೇಲೆ ಬಾಳೆತೋಟದ ಮಗ್ಗುಲಿಗೆ ಹೋಗಿ, ಜಪಮಾಲೆ ತೆಗೆದು, ಆ ಒಂದು ಪುಸ್ತಕಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದೆ.