ಗೋಡೆ ತಳ್ಳಿದವನ ಕೆಲಸ

ಹಿನಕಲ್‌ನ ಹೇಮಶ್ರೀ ಓದುವ ಶಾಲೆಗೆ ಜೂನ್‌ನಿಂದಲೂ ವಿಜ್ಞಾನದ ಮೇಷ್ಟ್ರಿಲ್ಲ. ಒಂಬತ್ತನೇ ತರಗತಿಯ ಆ ಹುಡುಗಿ ಯಾರಿಗೂ ಕಾಯದೆ ಭೌತಶಾಸ್ತ್ರವನ್ನು ತಾನೇ ಕಲಿಯತೊಡಗಿದ್ದಳು. ಮೂರು ದಿನದಿಂದ ಒಂದು ಸಾಲು ಅವಳ ತಲೆ ತಿನ್ನುತ್ತಿತ್ತು: ಗೋಡೆ ಕದಲದಿದ್ದರೆ, ದಿನವಿಡೀ ಅದನ್ನು ತಳ್ಳಿ ಬೆವತವನು ಮಾಡಿದ ಕೆಲಸ ಸೊನ್ನೆಯಂತೆ. ಇದೆಂಥ ಅನ್ಯಾಯದ ಶಾಸ್ತ್ರ ಎಂದು ಅವಳಿಗೆ ಸಿಟ್ಟು.

ಅವಳು ಕಿಟಕಿಯ ಪಕ್ಕ ಪುಸ್ತಕ ಹಿಡಿದು ಕೂತಿದ್ದಾಗ, ಈ ಕಡೆಯ ಕಡ್ಡಿ ಎತ್ತಿ ಆ ಕಡೆ ಇಡದ ಅಣ್ಣ ಬೀರೇಶ್ ಒಳಗೆ ಬಂದ.

"ಪುಸ್ತಕ ಮಡಗಿ ಎದ್ದು ನನ್ ಬೈಕ್ ತೊಳಿ."

"ಪಾಠ ಮುಗಿಸ್ಬುಟ್ಟು ಬತ್ತೀನಿ."

ಅಷ್ಟಕ್ಕೇ ಅವನು ಕೆನ್ನೆಗೆ ಬಾರಿಸಿದ. ಜಡೆ ಹಿಡಿದು ಬಾಗಿಲ ಕಡೆ ಎಳೆಯಲು ನೋಡಿದ. ಹೇಮಶ್ರೀ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು. ಅವನು ಬೆನ್ನಿಗೆ ಒದ್ದ, ಬೆಲ್ಟು ಬಿಚ್ಚಿ ದನಕ್ಕೆ ಬಡಿದ ಹಾಗೆ ಬಡಿದ. ತುಟಿ ಒಡೆದು ರಕ್ತ ಪುಸ್ತಕದ ಮೇಲೆ ತೊಟ್ಟಿಕ್ಕಿತು. ಸರಳನ್ನು ಮಾತ್ರ ಅವಳು ಬಿಡಲಿಲ್ಲ. ಕೊನೆಗೆ ಅವನ ತೋಳೇ ಸೋತು, ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತಾ ನಿಂತ.

ಹೇಮಶ್ರೀ ಅವನ ಬೆವರನ್ನು ನೋಡಿದಳು, ತಾನು ಕೂತ ಜಾಗವನ್ನು ನೋಡಿದಳು. ಮೂರು ದಿನದ ಗಂಟು ಬಿಚ್ಚಿಕೊಂಡಿತು.

"ಇಷ್ಟೊಂದು ಬೆವ್ತಿದ್ದೀಯ," ಎಂದಳು ರಕ್ತ ಒರೆಸಿಕೊಳ್ಳುತ್ತಾ. "ಆದ್ರೆ ನಾನು ಕೂತ ಜಾಗ ಬುಟ್ಟು ಕದಲಿಲ್ಲ. ನೀನು ಮಾಡಿದ ಕೆಲ್ಸ ಸೊನ್ನೆ ಕಣೋ."