ಮೇಲಿನ ಮನೆಯ ಬಟನ್

ಪ್ರಿಂಟರ್ ತಂದಿದ್ದು ಹೊಲಿಗೆಯವಳ ಗಂಡ. ಅವಳು ಹೇಳಿ ಕಳಿಸಿದ್ದು ಇಷ್ಟೇ: "ಯಾವುದಾದರೂ ಸರಿ, ಇವತ್ತು ಸಂಜೆಯೊಳಗೆ ಹಾಳೆ ಉಗುಳಬೇಕು." ಅಂಗಡಿಯವನು "ಇದಕ್ಕೆ ವೈರಿನ ರಗಳೆಯೇ ಇಲ್ಲ ಸಾರ್" ಅಂದನಂತೆ, ಈ ಮಹಾರಾಯ ಹಿಗ್ಗಿ ಎತ್ತಿಕೊಂಡು ಬಂದ. ರಗಳೆ ಇಲ್ಲದ್ದು ನಿಜ. ಡಬ್ಬಿಯೆಲ್ಲ ತಡಕಾಡಿದರೂ ಕರೆಂಟಿನದೊಂದು ಬಿಟ್ಟು ಬೇರೆ ವೈರೇ ಸಿಗಲಿಲ್ಲ.

ಆಸ್ಪತ್ರೆಗಳಿಗೆ ಕೋಟು ಒದಗಿಸುವ ಕಂಪನಿಯೊಂದು ಅವಳಿಗೆ ಮಾದರಿ ಕೋಟು ಹೊಲಿದು ತೋರಿಸಲು ಹೇಳಿತ್ತು. ಅಳತೆಯ ಪ್ಯಾಟರ್ನ್ ಲ್ಯಾಪ್‌ಟಾಪಿಗೆ ಬಂದು ಕೂತಿತ್ತು. ಅದನ್ನು ಹಾಳೆಗಳ ಮೇಲೆ ಪ್ರಿಂಟ್ ಮಾಡಿ, ಟೇಪು ಹಚ್ಚಿ ಜೋಡಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಬೇಕು. ಬೆಳಿಗ್ಗೆ ಕೋಟು ಅವರ ಮೇಜಿನ ಮೇಲಿರಬೇಕು. ಗಂಡನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸಂಸಾರ ನಿಂತಿದ್ದು ಅವಳ ಹೊಲಿಗೆ ಮಿಷಿನ್ ಮೇಲೆ. ಅದಕ್ಕೂ ಈಚೆಗೆ ಕೆಲಸವಿರಲಿಲ್ಲ. ಇದೊಂದು ಕೈತಪ್ಪಿದರೆ ಮಿಷಿನ್ ಮಾರುವುದೊಂದೇ ಬಾಕಿ.

ಪ್ರಿಂಟರ್ ಪಾಸ್‌ವರ್ಡ್ ಕೇಳಿತು. ಯಾರಿಗೆ ಗೊತ್ತು ಪಾಸ್‌ವರ್ಡು! ಲ್ಯಾಪ್‌ಟಾಪಿನಲ್ಲಿ ವೈಫೈ ವರ್ಷಗಳಿಂದ ತಾನಾಗಿಯೇ ಬರುತ್ತಿತ್ತು. ಗಂಡ ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟು ನೋಡಿದ, ಪ್ರಿಂಟರ್ ಅದನ್ನು ಮೂಸಿಯೂ ನೋಡಲಿಲ್ಲ. "ಅಂಗಡಿಯವನ ಗ್ರಹಚಾರ ಬಿಡಿಸ್ತೀನಿ" ಅಂತ ಸ್ಕೂಟರ್ ಹತ್ತಿ ಹೋದವನು ಹೋದ.

ಒಬ್ಬಳೇ ಉಳಿದವಳು ಪ್ರಿಂಟರಿನ ಜೊತೆಗೆ ಬಂದ ಚೀಟಿ ಓದಿದಳು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ವೈಫೈ ಡಬ್ಬಿಯ ಬಟನ್ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ಬಟನ್ ಒತ್ತಬೇಕಂತೆ. ಸರಿ, ಡಬ್ಬಿ ಎಲ್ಲಿ? ಬೀರುವಿನ ಹಿಂದೆ, ಮಂಚದಡಿ, ಅಟ್ಟದ ಮೇಲೆ, ಎಲ್ಲೂ ಇಲ್ಲ. ಆಗ ಹೊಳೆಯಿತು. ಡಬ್ಬಿ ಇರುವುದು ಮೇಲಿನ ಮಹಡಿಯಲ್ಲಿ, ತಂಗಿಯ ಮನೆಯಲ್ಲಿ.

ಒಂದು ಕಾಲಕ್ಕೆ ಇಬ್ಬರೂ ಒಂದೇ ಮೇಜಿನಲ್ಲಿ ಹೊಲಿಯುತ್ತಿದ್ದವರು. ಯಾರದೋ ಮದುವೆ ಬಟ್ಟೆ ತಪ್ಪಾಗಿ ಕತ್ತರಿಸಿಹೋಗಿ, ನೀನು ಮಾಡಿದ್ದು, ನೀನು ಮಾಡಿದ್ದು ಅಂತ ಶುರುವಾದ ಜಗಳ ಮಾತು ಬಿಡುವ ತನಕ ಹೋಯಿತು. ಆಮೇಲೆ ಪಾಲು. ನಲ್ಲಿ, ಮೀಟರ್, ಗೇಟಿನ ಬೀಗ, ಕೊನೆಗೆ ಬಟ್ಟೆ ಒಣಹಾಕುವ ತಂತಿಯನ್ನೂ ನಡುವೆ ತುಂಡು ಮಾಡಿಕೊಂಡರು. ಇಂಥ ಜಾಣೆಯರು, ಕಣ್ಣಿಗೆ ಕಾಣದ್ದೊಂದನ್ನು ಪಾಲು ಮಾಡಲು ಮರೆತುಬಿಟ್ಟಿದ್ದರು.

ಅವಳು ಮಂಚದ ತುದಿಗೆ ಕೂತು ಅತ್ತಳು. ಅತ್ತರೆ ಕೋಟು ಆಗುತ್ತದೆಯೇ? ಮುಖ ತೊಳೆದು, ಮಂಡಿನೋವು ಹಲ್ಲುಕಚ್ಚಿ ಸಹಿಸಿ ಮೆಟ್ಟಿಲು ಹತ್ತಿದಳು.

ತಂಗಿ ಬಾಗಿಲು ತೆಗೆದಳು. ಕೂದಲು ನೆರೆತಿತ್ತು. ಒಂದೇ ಮನೆಯಲ್ಲಿದ್ದೂ ಅಕ್ಕನಿಗೆ ಇದು ಗೊತ್ತಿರಲಿಲ್ಲ.

"ಆ ವೈಫೈ ಡಬ್ಬೀಲೊಂದು ಬಟನ್ ಇದೆಯಂತೆ, ಒತ್ತಬೇಕು. ನಾಳೆ ಕೋಟು ಹೊಲಿದು ಕೊಡದಿದ್ರೆ ನನ್ನ ಕಥೆ ಮುಗೀತು."

ತಂಗಿ ಒಳಗೆ ಹೋಗಿ ಒತ್ತಿದಳು. ಅಕ್ಕ ಗೋಡೆ ಹಿಡಿದು ಕುಂಟುತ್ತ ಇಳಿದಳು. ಪ್ರಿಂಟರಿನ ಯಾವ ಬಟನ್ ಅಂತ ಹುಡುಕಿ ಒತ್ತುವಷ್ಟರಲ್ಲಿ ಹೊತ್ತು ಮೀರಿತ್ತು, ಕೆಂಪು ದೀಪ ಹತ್ತಿತು. ಮತ್ತೆ ಹತ್ತುವ ಶಕ್ತಿ ಅವಳಿಗಿರಲಿಲ್ಲ. ಹೋಗಲಿ, ಮಿಷಿನ್ ಹೋಗಲಿ, ಎಲ್ಲ ಹೋಗಲಿ ಅಂತ ಮೇಜಿಗೆ ತಲೆ ಆನಿಸಿ ನಿಂತಳು.

"ಅಕ್ಕಾ," ಮೇಲಿಂದ ದನಿ ಬಂತು. "ಆಗಲಿಲ್ವಾ? ನೀನು ಅಲ್ಲೇ ನಿಂತಿರು, ನಾನು ಇನ್ನೊಂದ್ಸಲ ಒತ್ತೀನಿ. ಹೂಂ, ಈಗ ಒತ್ತು."

ಒತ್ತಿದಳು. ನೀಲಿ ದೀಪ ಮಿಣಮಿಣ ಅಂದು ಅಂದು, ಸ್ಥಿರವಾಗಿ ಉರಿಯಿತು. ಲ್ಯಾಪ್‌ಟಾಪಿನಿಂದ ಕಳಿಸಿದ ಮೇಲೆ ಮೊದಲ ಹಾಳೆ, ಕೋಟಿನ ಎಡದೋಳು, ಮೆಲ್ಲಗೆ ಹೊರಬಂತು. ತಂಗಿ ಇಳಿದು ಬಂದು ಹೊಸ್ತಿಲಾಚೆಯೇ ನಿಂತಳು.

"ಇಷ್ಟು ದಿನ ನಿನ್ನದನ್ನೇ ಬಳಸ್ತಿದ್ದೆ. ನನಗೆ ಹೊಳೀಲೇ ಇಲ್ಲ ಕಣೆ," ಅಂದಳು ಅಕ್ಕ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕಿತ್ತು ಹಾಕಬಹುದಿತ್ತಲ್ಲ?"

"ನನಗೆ ಫೋನಲ್ಲೇ ಇಂಟರ್ನೆಟ್ ಇದೆ, ನಾನು ಅದನ್ನ ಬಳಸೋದೇ ಇಲ್ಲ." ತಂಗಿ ಹಾಳೆಗಳ ಕಡೆಗೇ ನೋಡುತ್ತಿದ್ದಳು. "ನೀನು ಲ್ಯಾಪ್‌ಟಾಪ್ ತೆರೆದ್ರೆ ಆ ಡಬ್ಬೀಲೊಂದು ದೀಪ ಮಿನುಗುತ್ತೆ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡ್ತೀನಿ. ಮಿನುಗ್ತಿದ್ರೆ ಅಕ್ಕ ಚೆನ್ನಾಗಿದಾಳೆ ಅಂತ. ಮೊನ್ನೆ ಇಡೀ ದಿನ ಮಿನುಗಲಿಲ್ಲ. ಅರ್ಧ ಮೆಟ್ಟಿಲು ಇಳಿದು ಇಳಿದು ವಾಪಸ್ ಹೋದೆ."

ಮೊನ್ನೆ ಅಕ್ಕ ಜ್ವರದಲ್ಲಿ ಬಿದ್ದಿದ್ದಳು. ಗಂಡ ಕೆಲಸ ಹುಡುಕಿಕೊಂಡು ಹೋಗಿದ್ದ, ಒಂದು ಲೋಟ ನೀರು ಕೊಡಲು ಜನವಿರಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆ ಅವಳಿಗೆ ಕೇಳಿಸಿತ್ತು, ನಡುವೆ ನಿಂತದ್ದೂ ಕೇಳಿಸಿತ್ತು. ಕರೆಯಬೇಕೆಂದು ಬಾಯಿ ತೆರೆದವಳು, ಗೋಡೆ ಕಡೆ ಹೊರಳಿ ಮಲಗಿದ್ದಳು.