ಹತ್ತು ರಾತ್ರಿಯ ಇಂಜಿನ್

ಶೇಂಗಾ ಕಿತ್ತು ಹದಿನೈದು ದಿನವಾಗಿತ್ತು. ಹೊಳಗುಂದದ ಸುತ್ತ ಹತ್ತಿಯನ್ನು ಎರಡನೆಯ ಸಲ ಬಿಡಿಸುವ ಕೆಲಸ ನಡೆದಿತ್ತು. ಚಳಿ ಬಿಡುವ ಮೊದಲೇ ಹೆಂಗಸರು ಆಟೊ ತುಂಬ ಕೂತು ಹೊಲಗಳಿಗೆ ಹೋಗುತ್ತಿದ್ದರು. ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಬಜಾರಪ್ಪ ಚೈನಿಗೆ ನೇತುಹಾಕಿದ ಇಂಜಿನ್ನನ್ನು ಅಂಗುಲ ಅಂಗುಲವಾಗಿ ಜೀಪಿನ ಒಡಲಿಗೆ ಇಳಿಸುತ್ತಿದ್ದ.

ಜೀಪು ಕುರಿಗಾರ ಪಕೀರಪ್ಪನದು. ಮೂವತ್ತು ವರ್ಷದ ಹಳೆಯದು, ನಾಲ್ಕೂ ಗಾಲಿಗೆ ಗೇರು ಬೀಳುವಂಥದ್ದು. ಮಂದೆಯ ಜೊತೆ ಊರೂರು ಅಲೆಯುವಾಗ ನೀರಿನ ಡ್ರಮ್ಮು, ಮಂದೆಯ ಸುತ್ತ ಕಟ್ಟುವ ಬಲೆ, ಪಾತ್ರೆ, ಎಳೆಯ ಮರಿಗಳು ಎಲ್ಲಕ್ಕೂ ಅದೇ ಮನೆ. ಆದರೆ ಆಸ್ಪರಿ ಕಡೆಯ ದಿಣ್ಣೆಗಳಲ್ಲಿ ಹಳೆಯ ಇಂಜಿನ್ ಹೊಗೆ ಉಗುಳಿ ನಿಂತುಬಿಡುತ್ತಿತ್ತು. ಬಜಾರಪ್ಪ ಆದೋನಿಯ ಗುಜರಿಯಲ್ಲಿ, ಮಗುಚಿಬಿದ್ದ ಯಾವುದೋ ಪಿಕಪ್ಪಿನ ಟರ್ಬೊ ಇಂಜಿನ್ ಹುಡುಕಿಕೊಟ್ಟಿದ್ದ. ಅದರ ದುಡ್ಡನ್ನು ಪಕೀರಪ್ಪ ಗುಜರಿಯಲ್ಲೇ ಕೊಟ್ಟು ಮುಗಿಸಿದ್ದ. ಕೂರಿಸುವ ಕೂಲಿಗೆ ಮಾತ್ರ ಬೇರೆ ಮಾತಾಗಿತ್ತು: ಹಿಕ್ಕೆ ಬೀಳಲೆಂದು ಮಂದೆ ಹತ್ತು ರಾತ್ರಿ ಬಜಾರಪ್ಪನ ಹೊಲದಲ್ಲಿ ತಂಗಬೇಕು. ಅವನ ಮೂರು ಎಕರೆ ಗೊಬ್ಬರ ಕಾಣದೆ ನಾಲ್ಕು ವರ್ಷವಾಗಿತ್ತು.

ಹಳೆಯ ಚಾಸಿಗೆ ಹೊಸ ಇಂಜಿನ್ನಿನ ಕಾಲು ಕೂರಲಿಲ್ಲ. ಬೇರೆ ಕಾಲು ಬೆಸೆದ. ಗೇರ್‌ಬಾಕ್ಸಿಗೂ ಅದಕ್ಕೂ ನಡುವೆ ಲೇತಿನಲ್ಲಿ ಕಡೆಸಿದ ದಪ್ಪ ತಟ್ಟೆ ಇಟ್ಟ. ರೇಡಿಯೇಟರ್ ದೊಡ್ಡದು ಹಾಕಿದ. ಕೆಲಸ ಕೈಗೆ ಚೆನ್ನಾಗಿ ಬಂದ ಹುರುಪಿನಲ್ಲಿ, ಯಾರೂ ಕೇಳದಿದ್ದರೂ, ತೂತುಬಿದ್ದ ಸೈಲೆನ್ಸರನ್ನೂ ಬದಲಿಸಿದ.

ಕೀಲಿ ತಿರುಗಿಸಿದರೂ ಹೆಚ್ಚು ಸದ್ದು ಕೇಳಿಸಲಿಲ್ಲ. "ಚಾಲೂ ಆಗೇತೋ ಇಲ್ಲೋ?" ಎಂದ ಪಕೀರಪ್ಪ.

"ಬಾನೆಟ್ ಮ್ಯಾಲ ಕೈ ಇಟ್ಟು ನೋಡಣ್ಣ."

ಆ ಸಂಜೆಯೇ ಮರಿಗಳನ್ನು ತುಂಬಿಕೊಂಡು ಇಬ್ಬರೂ ಬಜಾರಪ್ಪನ ಹೊಲಕ್ಕೆ ಹೋದರು. ಪಕೀರಪ್ಪನ ಹೆಂಡತಿ ಬಸವಕ್ಕ ಮೇಯಿಸಿದ ಮಂದೆಯನ್ನು ಅಲ್ಲಿಗೇ ತಂದಿದ್ದಳು. ಹಳೆಯ ಇಂಜಿನ್ನಿನ ಡಬಡಬ ಕೇಳಿದರೆ ಸಾಕು, ಮರಿ ಬಂತು, ನೀರು ಬಂತು ಎಂದು ತಾಯಿಕುರಿಗಳು ತಾವಾಗಿ ಎದುರು ಓಡಿಬರುತ್ತಿದ್ದವು. ಈಗ ಓಡುವ ಜೀಪಿನ ಟರ್ಬೊದಿಂದ ತೆಳ್ಳಗೆ ಸಿಳ್ಳೆ ಹಾಕಿದಂಥ ಸದ್ದು ಬದುವಿನ ಮೇಲೆ ಬಂದದ್ದೇ ತಡ, ಮುನ್ನೂರು ಕುರಿಯೂ ಬೆನ್ನು ತಿರುಗಿಸಿ ಓಟ ಕಿತ್ತವು.

"ಬಂದ್ ಮಾಡ್ರಿ ಅದನ್ನ!" ಬಸವಕ್ಕ ಕೂಗಿದಳು. ಮಂದೆಯನ್ನು ತಿರುಗಿಸಿ ತರುವಷ್ಟರಲ್ಲಿ ಅವಳಿಗೆ ಏದುಸಿರು. "ಏನ್ ಮಾಡಿಟ್ಟೀಯಪ್ಪಾ ಇದಕ್ಕ?"

"ಎಲ್ಲಾ ಸರಿ ಮಾಡೀನಿ ಯಕ್ಕಾ."

"ಅದಽ ಆಗೇತಿ ನೋಡು. ಇವು ಕೆಟ್ಟಿದ್ದಕ್ಕ ಹೊಂದಿಕೊಂಡಿದ್ವು."

ಪಕೀರಪ್ಪ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ, "ಹತ್ತು ದಿನಕ್ಕ ಮೇವಿಗೆ ಕಾಲುವಿ ಕಡಿ ಹೊಂಡಬೇಕು. ಹಾದ್ಯಾಗ ಕುರಿ ಜೀಪಿನ ಬೆನ್ನಿಗೆ ಬರಬೇಕು, ಇಲ್ಲಂದ್ರ ಲಾರಿ ಕೆಳಗ ಹೋಗ್ತಾವ. ಅಷ್ಟರಾಗ ಇವು ಹೊಂದಲಿಲ್ಲಂದ್ರ ಹಳೇ ಇಂಜಿನ್ನಽ ಕುಂದ್ರಿಸಿಬಿಡು ತಮ್ಮಾ."

ಬಜಾರಪ್ಪ ಬಾನೆಟ್ಟಿನ ಕಡೆ ನೋಡಿದ. ಹದಿನೆಂಟು ದಿನದ ಕೆಲಸವನ್ನು ಮತ್ತೆ ಕೈಯಾರೆ ಬಿಚ್ಚುವುದು! ಅಷ್ಟರಲ್ಲಿ ಜೀಪಿನೊಳಗೆ ಮರಿಗಳು ಅರಚತೊಡಗಿದವು. ಇಂಜಿನ್ ನಿಂತಿದ್ದರಿಂದ ಆ ದನಿ ಈಗ ಹೊಲದ ತುಂಬ ಕೇಳುತ್ತಿತ್ತು. ಒಂದು ತಾಯಿ ಒದರಿತು. ಇನ್ನೆರಡು ತಲೆ ಎತ್ತಿ ಹತ್ತಿರ ಬಂದವು.

"ನಾಳಿಂದ ದೂರದಾಗ ಬಂದ್ ಮಾಡೋಣಣ್ಣ," ಎಂದ ಬಜಾರಪ್ಪ. "ಅಲ್ಲಿಂದ ನೂಕೋಣ. ದಿನಾ ಈಟೀಟು ಸಮೀಪ ತರೋಣ."

ಬಸವಕ್ಕ ಸೆರಗು ಬಾಯಿಗಿಟ್ಟು ನಕ್ಕಳು. "ದಿಣ್ಣಿ ಹತ್ತಸಾಕ ಇಂಜಿನ್ ತಂದಿರಿ, ನೀವಽ ನೂಕ್ರಿ!"

ಮರುದಿನ ಮುನ್ನೂರು ಹೆಜ್ಜೆ ನೂಕಿದರು. ಹತ್ತಿ ಬಿಡಿಸಿ ಮರಳುವ ಆಟೊದಿಂದ ಉಚ್ಚಮ್ಮ ಎಂಬಾಕೆ ಇಣುಕಿ, "ಬಜಾರಪ್ಪಾ, ಡೀಸೆಲ್‌ಗೆ ರೊಕ್ಕ ಕೊಡ್ಲಾ?" ಎಂದು ಕೂಗಿದಳು; ಆಟೊ ಪೂರ್ತಿ ನಕ್ಕಿತು. "ಪರವಾಲೇದಮ್ಮಾ, ರೊಕ್ಕ ಬ್ಯಾಡ, ನೀ ಇಳಿದು ನೂಕು ಬಾ," ಎಂದ ಇವನು. ಮೂರನೆಯ ದಿನ ಇನ್ನೂರು ಹೆಜ್ಜೆ. ನಾಲ್ಕನೆಯ ದಿನ ಅವಸರಪಟ್ಟು ನೂರಕ್ಕೇ ತಂದರು. ಮಂದೆ ಮತ್ತೆ ಬೆದರಿತು, ಮತ್ತೆ ಇನ್ನೂರಕ್ಕೆ ಹೋದರು. ಆರನೆಯ ಸಂಜೆ ಇಂಜಿನ್ ಬಂದ್ ಮಾಡದೆ ಬದುವಿನಾಚೆ ಬಿಟ್ಟು, ಮರಿಗಳನ್ನು ಕೈಯಲ್ಲಿ ಎತ್ತಿ ತಂದರು. ಕುರಿಗಳು ಕಿವಿ ನಿಮಿರಿಸಿದವು, ಓಡಲಿಲ್ಲ.

ಎಂಟನೆಯ ಸಂಜೆ ಪಕೀರಪ್ಪ ನಿಲ್ಲಿಸಲೇ ಇಲ್ಲ. ಜೀಪು ಸಣ್ಣಗೆ ಸಿಳ್ಳೆ ಹಾಕುತ್ತ ಮಂದೆಯ ನಡುವೆ ಬಂತು. ಮೊದಲು ಒಂದು ಕಂದು ಕುರಿ ಬಂದು ಹಿಂದಿನ ಜಾಲರಿಗೆ ಮೂತಿ ಒತ್ತಿತು. ಆಮೇಲೆ ಎಲ್ಲವೂ ನುಗ್ಗಿದವು. ಬಜಾರಪ್ಪ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಬೆಳಿಗ್ಗೆ ಪಕೀರಪ್ಪ ಫೋನ್ ಹಿಡಿದುಕೊಂಡೇ ಶೆಡ್ಡಿಗೆ ಬಂದ. ಕಾಲುವೆ ಕಡೆ ಭತ್ತದ ಕೊಯ್ಲು ಬೇಗ ಮುಗಿದು, ಕುರಿ ಮೇಯಲು ಗದ್ದೆಯ ಕೂಳೆ ತೆರವಾಗಿತ್ತು. "ಇವತ್ತಽ ಹೊಂಡದಿದ್ರ ಬ್ಯಾರೇರ ಕುರಿ ನಿಂದರಸ್ತಾರಂತ. ನಿಂದು ಎರಡು ರಾತ್ರಿ ಉಳೀತು." ಅವನು ಮುಖ ಎತ್ತಲಿಲ್ಲ. "ರೊಕ್ಕ ತೊಗೋತಿಯೇನು?"

ರಾತ್ರಿಗೊಂದು ಕಡೆ ತಂಗುತ್ತ ಬಂದ ಮಂದೆ ಹೊಲದ ಪಡುವಣ ಪಟ್ಟಿಯಲ್ಲಿ ಇನ್ನೂ ಕೂತಿರಲಿಲ್ಲ. ಆದರೆ ಒಂದು ದಿನ ತಡವಾದರೆ ಇವರ ಮೇವೇ ಹೋಗುತ್ತದೆ.

"ಗೊಬ್ಬರದ ಮಾತಾಡೀವಿ, ರೊಕ್ಕ ಯಾಕಣ್ಣ?" ಎಂದ ಬಜಾರಪ್ಪ. "ಹೋಗಿಬರ್ರಿ."

"ಬರೋ ವರ್ಷ ಎರಡಲ್ಲ, ಮೂರು ರಾತ್ರಿ ನಿಂದರಸ್ತೀವಿ," ಎಂದಳು ಮಂದೆ ಹೊಡೆದುಕೊಂಡು ಅಲ್ಲಿಗೇ ಬಂದಿದ್ದ ಬಸವಕ್ಕ.

"ಬಂದಾಗ ನೋಡೋಣ ಯಕ್ಕಾ."

ಜೀಪು ಮುಂದೆ, ಮಂದೆ ಹಿಂದೆ. ಏರಿನಲ್ಲಿ ಪಕೀರಪ್ಪ ಗೇರು ಇಳಿಸಿದ್ದು ಕೇಳಿಸಿತು, ಇಂಜಿನ್ ತಡವರಿಸಲಿಲ್ಲ. ಬಜಾರಪ್ಪ ಶೆಡ್ಡಿನ ಬಾಗಿಲು ಎಳೆದು ಹೊಲಕ್ಕೆ ಹೋಗಿ ಪಡುವಣ ಪಟ್ಟಿಯನ್ನು ಹೆಜ್ಜೆಯಲ್ಲಿ ಅಳೆದ. ಅರ್ಧ ಎಕರೆಗೆ ಸ್ವಲ್ಪ ಹೆಚ್ಚು. ಮುಂಗಾರಿಗೆ ಅಲ್ಲಿ ಗೊಬ್ಬರ ಕೇಳದ ಹುರುಳಿ ಚೆಲ್ಲಿದರಾಯಿತು ಅಂದುಕೊಂಡ.